ಮನೆಯಂಗಳದಲ್ಲಿ ಹಾರಾಟದ ಹುಟ್ಟುಹಬ್ಬ

ಹುಟ್ಟುಹಬ್ಬವೆಂದರೆ ಮಕ್ಕಳು ಕುಣಿದಾಡುವುದು ಲೋಕರೂಢಿ. ಆದರೆ ಬೀದರ ನಗರದಲ್ಲಿರುವ ನಮ್ಮ ಅಣ್ಣನ ಮಗಳು, 2025ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಆರು ವರ್ಷ ತುಂಬಲಿದ್ದವಳು, "ಕಾಕಾ, ನನಗ ಹುಟ್ಟುಹಬ್ಬ ಬ್ಯಾಡ" ಎಂದು ಒಂದೇ ಮಾತಿನಲ್ಲಿ ಹೇಳಿ ಒಳಗೆ ಹೋಗಿಬಿಟ್ಟಳು. ಕಾರಣ ನಮಗೆ ತಿಳಿಯದುದೇನೂ ಅಲ್ಲ. ಹಿಂದಿನ ವರ್ಷ ಅವಳ ಗೆಳತಿಯೊಬ್ಬಳ ಮನೆಯಲ್ಲಿ ಕೇಕಿನ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು; ಉತ್ಸಾಹಿ ಹುಡುಗನೊಬ್ಬ ಹಿಮದಂತಹ ನೊರೆಯನ್ನು ಚಿಮ್ಮಿಸುವ ಡಬ್ಬಿಯನ್ನು ಮಕ್ಕಳ ಮೇಲೆ ಒತ್ತಿದನು. ಕಣ್ಣು ಮಿಟುಕಿಸುವಷ್ಟರಲ್ಲಿ ನೊರೆಯೇ ಜ್ವಾಲೆಯಾಗಿ ಹೊತ್ತಿಕೊಂಡಿತು. ಯಾರಿಗೂ ದೊಡ್ಡ ಗಾಯವಾಗಲಿಲ್ಲವೆಂಬುದು ಪುಣ್ಯ. ಆದರೆ ನಮ್ಮ ಚಿನ್ನಿಯ ಮುಂಗುರುಳು ಸೀದು ಹೋಯಿತು. ಅಂದಿನಿಂದ ಅವಳು ದೇವರ ಮನೆಯ ದೀಪದ ಹತ್ತಿರವೂ ಹೋಗುತ್ತಿರಲಿಲ್ಲ.

ನೀರಿನಂತೆ ಒದ್ದೆಯಾಗಿರುವ ನೊರೆಗೆ ಬೆಂಕಿ ಹತ್ತುವುದೆಂತು? ನೊರೆಯನ್ನು ಹೊರಗೆ ತಳ್ಳಲು ಡಬ್ಬಿಯೊಳಗೆ ಒತ್ತಡದಲ್ಲಿಟ್ಟ ಅನಿಲವೊಂದು ಬೇಕು. ಇಂತಹ ಹಲವು ಡಬ್ಬಿಗಳಲ್ಲಿ ಆ ಅನಿಲ ಬ್ಯೂಟೇನ್ ಅಥವಾ ಪ್ರೋಪೇನ್. ಎಂದರೆ ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿರುವ ಇಂಧನವೇ. ಬಿಳಿಯ ನೊರೆಯ ಪ್ರತಿಯೊಂದು ಗುಳ್ಳೆಯೂ ಆ ಇಂಧನವನ್ನು ಹೊತ್ತೇ ಹೊರಬರುತ್ತದೆ. ಉರಿಯುವ ಬತ್ತಿಯ ಎದುರಿಗೆ ಅದನ್ನು ಚಿಮ್ಮಿಸುವುದೆಂದರೆ ಒಲೆಯ ಕಿವಿಯನ್ನು ಮಕ್ಕಳ ಮುಖದತ್ತ ತಿರುಗಿಸಿದಂತೆಯೇ. ಡಬ್ಬಿಯ ಮೇಲೆ ಎಚ್ಚರಿಕೆ ಇರುವುದುಂಟು. ಅದನ್ನು ಓದಲು ಭೂತಗನ್ನಡಿ ಬೇಕು.

ಆದುದರಿಂದ ಈ ಬಾರಿ ಪೇಟೆಯ ಅಲಂಕಾರಗಳನ್ನೆಲ್ಲ ಬದಿಗಿಟ್ಟು, ಮನೆಯಲ್ಲಿಯೇ ಮಾಡಿದ ವಸ್ತುಗಳಿಂದ ಮಗುವಿನ ಹುಟ್ಟುಹಬ್ಬವನ್ನು ಆಚರಿಸುವುದೆಂದು ನಿರ್ಧರಿಸಿದೆವು. ಓದುಗ ಮಿತ್ರರಲ್ಲಿ ಅನೇಕರಿಗೆ ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿರಬಹುದು. ಇಂತಹ ಕೆಲಸಗಳು ಕೊನೆಗೆ ಬಂದು ಬೀಳುವುದು ಪ್ರೌಢಶಾಲೆ ಕಾಲೇಜುಗಳಲ್ಲಿ ಓದುವ ಅಕ್ಕಂದಿರ, ಅಣ್ಣಂದಿರ ತಲೆಯ ಮೇಲೆಯೇ. ಆದುದರಿಂದ ನಮಗೆ ಒದಗಿದ ಅನುಭವವನ್ನು, ತಪ್ಪಿದ ಕಡೆ ತಪ್ಪನ್ನೂ, ಇಲ್ಲಿ ಬರೆದಿದ್ದೇವೆ.

ಮೊದಲ ಪ್ರಶ್ನೆ, ಹಬ್ಬಕ್ಕೊಂದು ವಿಷಯ ಬೇಕಲ್ಲವೆ? ಅದನ್ನು ನಾವು ಆರಿಸಲಿಲ್ಲ, ಮಗುವೇ ಆರಿಸಿಕೊಟ್ಟಳು. ಬೀದರದ ಮಕ್ಕಳ ಕಿವಿಗೆ ಬೆಳಗಾದರೆ ಬೀಳುವುದು ವಾಯುಪಡೆಯ ತರಬೇತಿ ವಿಮಾನಗಳ ಮೊರೆತ. ಹಾಕ್ ಜೆಟ್ ವಿಮಾನಗಳು ಇಲ್ಲಿಗೆ ಬಂದುದು 2008ರಲ್ಲಿ. ಆಕಾಶದಲ್ಲಿ ಸಾಲುಕಟ್ಟಿ ಕಸರತ್ತು ಮಾಡುವ ಸೂರ್ಯಕಿರಣ ತಂಡ ರೂಪುಗೊಂಡುದು ಇದೇ ಊರಿನಲ್ಲಿ, 1996ರಲ್ಲಿ. ಸದ್ದು ಕೇಳಿದೊಡನೆ ಊಟ ಬಿಟ್ಟು ಮಾಳಿಗೆಗೆ ಓಡುವುದು ಚಿನ್ನಿಯ ಅಭ್ಯಾಸ. "ಹಾರೂ ಸಾಮಾನು ಮಾಡೂಣೇನು?" ಎಂದು ನಾವು ಕೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, "ದೀಪ ಇರಬಾರದು" ಎಂಬ ಷರತ್ತಿನ ಮೇಲೆ ಒಪ್ಪಿದಳು. ಆ ಷರತ್ತಿಗೆ ನಾವು ಹೂಂ ಎಂದೆವು. ಅದೇ ಮುಂದೆ ತೊಡಕಾಯಿತು.

ತೊಡಕು ಬಂದುದು ಔರಾದದಿಂದ. ಅಲ್ಲಿ ಹೊಲ ನೋಡಿಕೊಂಡಿರುವ ನಮ್ಮ ತಾಯಿಯವರಿಗೆ, ಎಂದರೆ ಚಿನ್ನಿಯ ಆಯಿಗೆ, ಫೋನು ಮಾಡಿ ಮಾರ್ಚ್ 20ರಂದು ಬರಬೇಕೆಂದು ತಿಳಿಸಿದೆವು. "ಅದ್ಯಾಕ ಇಪ್ಪತ್ತು? ಕೂಸು ಹುಟ್ಟಿದ್ದು ಹೋಳಿ ಹುಣ್ಣಿಮಿ ರಾತ್ರಿ. ಹುಣ್ಣಿಮಿ ಈ ಸಲ ಹದಿಮೂರಕ್ಕೇ ಬರತದ" ಎಂದು ಅವರು ತಕರಾರು ತೆಗೆದರು. ಇಬ್ಬರ ಮಾತೂ ಸರಿಯೇ. 2019ರ ಮಾರ್ಚ್ 20ರ ರಾತ್ರಿ ಆಕಾಶದಲ್ಲಿ ಪೂರ್ಣಚಂದ್ರನಿದ್ದನು. ಆದರೆ ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಆಗುವುದು ಸುಮಾರು 354 ದಿನ ಮಾತ್ರ. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಬರಲು ಬೇಕಾಗುವುದು ಸುಮಾರು 365 ದಿನ 6 ಗಂಟೆ. ಹೀಗೆ ತಿಥಿಯು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮತ್ತೆ ಮುಂದೆ ಜಿಗಿಯುತ್ತದೆ. ಇವೆರಡೂ ಮತ್ತೆ ಒಂದಾಗುವುದು ಯಾವಾಗ? 235 ಚಾಂದ್ರಮಾಸಗಳು 19 ಸೌರವರ್ಷಗಳಿಗೆ ಸಮ. ವ್ಯತ್ಯಾಸ ಎರಡೇ ಗಂಟೆಯಷ್ಟು. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನ ಮೇಟನ್ ಎಂಬಾತನ ಹೆಸರು ಈ ಚಕ್ರಕ್ಕೆ ಅಂಟಿಕೊಂಡಿದೆ. ಎಂದರೆ ಚಿನ್ನಿಯ ಹತ್ತೊಂಬತ್ತನೆಯ ಹುಟ್ಟುಹಬ್ಬದಂದು, 2038ರ ಮಾರ್ಚ್ 20ರ ರಾತ್ರಿ, ತಾರೀಖೂ ಹುಣ್ಣಿಮೆಯೂ ಒಟ್ಟಿಗೆ ಬರುವುವು. ಓದುಗರಲ್ಲಿ ಹತ್ತೊಂಬತ್ತು ತುಂಬುವವರಿದ್ದರೆ ಮನೆಯ ಹಳೆಯ ಪಂಚಾಂಗವನ್ನು ತೆಗೆದು ತಮ್ಮ ತಿಥಿಯನ್ನು ಪರೀಕ್ಷಿಸಿ ನೋಡಬಹುದು.

ಆಯಿಯವರ ಸ್ವಂತ ಹುಟ್ಟುದಿನ ಮಾತ್ರ ಯಾವ ಚಕ್ರಕ್ಕೂ ಸಿಗುವಂತಿಲ್ಲ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದೆ. ಅವರ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸಿದ ಗುರುಗಳು ಹಾಕಿಕೊಟ್ಟ ದಿನ ಅದೇ. "1972ರ ಬರದಾಗ ನಾ ಇಷ್ಟೆತ್ತರ ಇದ್ದೆ" ಎಂದು ಕೈಯಿಂದ ಸೊಂಟದ ಮಟ್ಟವನ್ನು ತೋರಿಸುವುದಷ್ಟೇ ಅವರ ಲೆಕ್ಕ. ಇರಲಿ, ಕೊನೆಗೆ ಇಪ್ಪತ್ತಕ್ಕೆ ಬರಲು ಒಪ್ಪಿದರು. ಆದರೆ, "ಆರತಿ ಮಾಡದ ಹುಟ್ಟುಹಬ್ಬಕ್ಕ ನಾ ಬರಾಕಿಲ್ಲ" ಎಂದು ಅವರೂ ಒಂದು ಷರತ್ತು ಹಾಕಿದರು. ಮಗುವಿಗೆ ದೀಪ ಬೇಡ, ಅಜ್ಜಿಗೆ ದೀಪವಿಲ್ಲದೆ ಆಗದು. ಈ ಬಿಕ್ಕಟ್ಟನ್ನು ಕೆಲವು ದಿನಗಳ ಮಟ್ಟಿಗೆ ಮುಂದೂಡಿ ನಾವು ಉಳಿದ ಕೆಲಸಗಳಿಗೆ ಕೈಹಾಕಿದೆವು.

ಹಾರಾಟವೆಂದೊಡನೆ ಎಲ್ಲರೂ ಹೇಳುವುದು ಬಲೂನು. ನಮ್ಮ ಕಡೆಯ ಮಾತಿನಲ್ಲಿ ಫುಗ್ಗಾ. ದಾರ ಬಿಟ್ಟರೆ ಮೇಲೇರುವ ಅನಿಲದ ಫುಗ್ಗಾ ಬೇಕೆಂದು ಅಣ್ಣನಿಗೆ ಆಸೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಬೀದರ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 660 ಮೀಟರು ಎತ್ತರದಲ್ಲಿದೆ. ಈ ಎತ್ತರದಲ್ಲಿ ಬಿಸಿಲಿನ ದಿನ ಒಂದು ಲೀಟರು ಗಾಳಿಯ ತೂಕ ಸುಮಾರು 1.1 ಗ್ರಾಂ. ಹತ್ತು ಲೀಟರು ಹಿಡಿಸುವ ಬಲೂನು 11 ಗ್ರಾಂ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ. ಅದರೊಳಗಿನ ಜಲಜನಕದ ತೂಕ ಒಂದು ಗ್ರಾಮಿಗೂ ಕಡಿಮೆ. ರಬ್ಬರಿನ ತೂಕ ಮೂರು ಗ್ರಾಂ ಎಂದಿಟ್ಟುಕೊಂಡರೆ ಏಳು ಗ್ರಾಮಿನಷ್ಟು ಏರುಬಲ ಉಳಿಯುವುದು. ಹೀಲಿಯಂ ಜಲಜನಕದ ಎರಡರಷ್ಟು ಭಾರ. ಹಾಗಾದರೆ ಅದರ ಏರುಬಲ ಅರ್ಧಕ್ಕಿಳಿಯಬೇಕಲ್ಲವೆ? ಹಾಗಾಗುವುದಿಲ್ಲ. ಹತ್ತು ಲೀಟರು ಹೀಲಿಯಂ ಸುಮಾರು ಒಂದೂವರೆ ಗ್ರಾಂ ತೂಗುತ್ತದೆ. ಏರುಬಲದಲ್ಲಿ ಆಗುವ ನಷ್ಟ ಮುಕ್ಕಾಲು ಗ್ರಾಂ ಮಾತ್ರ. ಎತ್ತುವುದು ಒಳಗಿನ ಅನಿಲವಲ್ಲ, ಹೊರಗಿನ ಗಾಳಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗಿದ್ದರೂ ಜಾತ್ರೆ ಪೇಟೆಗಳಲ್ಲಿ ಮಾರುವ ಬಲೂನುಗಳಲ್ಲಿ ಹೀಲಿಯಂ ಇರುವುದು ಅಪರೂಪ, ಏಕೆಂದರೆ ಅದು ದುಬಾರಿ. ತುಂಬುವುದು ಹೆಚ್ಚಾಗಿ ಜಲಜನಕವನ್ನೇ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಿನಿಂದ ಎಪ್ಪತ್ತೈದು ಪಾಲಿನವರೆಗೆ ಎಷ್ಟು ಬೆರೆತಿದ್ದರೂ ಜಲಜನಕ ಹೊತ್ತಿಕೊಳ್ಳಬಲ್ಲುದು. ಇಷ್ಟು ವಿಶಾಲವಾದ ಮಿತಿಯುಳ್ಳ ಇಂಧನಗಳು ಕೆಲವೇ. 1783ನೆಯ ಇಸವಿಯ ಆಗಸ್ಟ್ 27ರಂದು ಪ್ಯಾರಿಸಿನಲ್ಲಿ ಷಾರ್ಲ್ ಎಂಬ ವಿಜ್ಞಾನಿ ಮೊದಲ ಜಲಜನಕದ ಬಲೂನನ್ನು ಹಾರಿಸಿದಾಗ ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಹೆದರಿದ ರೈತರು ಅದನ್ನು ಕವೆಗೋಲುಗಳಿಂದ ತಿವಿದು ಚಿಂದಿ ಮಾಡಿದರು. ಯಾರ ಕೈಯಲ್ಲಿಯೂ ಪಂಜು ಇರದಿದ್ದುದು ಅವರ ಅದೃಷ್ಟ. 1937ರ ಮೇ 6ರಂದು ಜಲಜನಕ ತುಂಬಿದ ಹಿಂಡೆನ್‌ಬರ್ಗ್ ವಾಯುನೌಕೆ ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಸುಮಾರು ಅರ್ಧ ನಿಮಿಷದಲ್ಲಿ ಉರಿದುಹೋಗಿ 36 ಜನ ಸತ್ತರು. ಮನೆಯೊಳಗೆ, ಛಾವಣಿಗೆ ಅಂಟಿಕೊಂಡ ಹತ್ತು ಜಲಜನಕದ ಫುಗ್ಗಾಗಳ ಕೆಳಗೆ, ಬತ್ತಿ ಹಚ್ಚಿ ಹಾಡುವ ನಮ್ಮ ಇಂದಿನ ಪದ್ಧತಿಯನ್ನು ಆ ಗೊನೆಸಿನ ರೈತರು ಕಂಡಿದ್ದರೆ ಏನೆನ್ನುತ್ತಿದ್ದರೊ!

ಬಾಯಿಯಿಂದ ಊದುವ ಸಾದಾ ಬಲೂನುಗಳನ್ನೂ ನಾವು ಕೈಬಿಟ್ಟೆವು. ಒಡೆದ ಬಲೂನಿನ ರಬ್ಬರು ಚೂರು ಮಗುವಿನ ಗಂಟಲಿಗೆ ಹೋದರೆ ಅದು ಶ್ವಾಸನಾಳದ ಆಕಾರವನ್ನೇ ತಾಳಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮಿನಿಂದ ಹೊರಬೀಳುವುದಿಲ್ಲ. ಅಮೆರಿಕದಲ್ಲಿ 1994ರ ಕಾಯಿದೆಯೊಂದು ಬಲೂನಿನ ಪೊಟ್ಟಣಗಳ ಮೇಲೆ ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ಅತಿಥಿಗಳೆಲ್ಲರೂ ಐದಾರು ವರ್ಷದವರು. ಒಬ್ಬಳ ತಮ್ಮನಿಗೆ ಎರಡೇ ವರ್ಷ.

ಹಾಗಾದರೆ ಉಳಿದುದೇನು? ಕಾಗದ, ಬಟ್ಟೆ, ಬೀಜ ಮತ್ತು ಗಾಳಿ. ಇಷ್ಟೇ ಸಾಕಾಯಿತು.

ಭಾಲ್ಕಿಯಿಂದ ಚಿನ್ನಿಯ ಸೋದರಮಾವ ಸಂಕ್ರಾಂತಿಯಲ್ಲಿ ಉಳಿದಿದ್ದ ಗಾಳಿಪಟದ ಕಾಗದಗಳನ್ನೂ ಬಿದಿರಿನ ಕಡ್ಡಿಗಳನ್ನೂ ಸುರುಳಿ ಸುತ್ತಿ ರೈಲಿನಲ್ಲಿ ತಂದರು. ಅಂಟನ್ನು ಮನೆಯಲ್ಲಿಯೇ ಕಾಸಿದೆವು. ಒಂದು ಬಟ್ಟಲು ಮೈದಾ ಹಿಟ್ಟನ್ನು ನಾಲ್ಕೈದು ಬಟ್ಟಲು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಿದ್ದರೆ, ಬಹಳ ಹೊತ್ತು ಹಾಲಿನಂತಿದ್ದುದು ಇದ್ದಕ್ಕಿದ್ದಂತೆ ಗಟ್ಟಿಯಾಗುವುದು. ಸುಮಾರು 60ರಿಂದ 65 ಡಿಗ್ರಿ ಉಷ್ಣತೆಗೆ ಬಂದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಬಲೆಯಂತೆ ಹೆಣೆದುಕೊಳ್ಳುವುದೇ ಇದರ ಕಾರಣ. ಹುಳು ಬಾರದಿರಲೆಂದು ಹಿಂದಿನವರು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಬೆರಳು ಚೀಪುವ ಮಕ್ಕಳಿರುವಲ್ಲಿ ಕೂಡದು. ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಸಿಕೊಂಡರಾಯಿತು.

ಆಮಂತ್ರಣ ಪತ್ರವೇ ಒಂದು ಕಾಗದದ ವಿಮಾನ. ರೆಕ್ಕೆಯ ಮೇಲೆ ದಿನ, ವೇಳೆ, ಮನೆ. ಒಂಬತ್ತು ಮಕ್ಕಳಿಗಷ್ಟೇ ಕರೆ, ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಈ ವಯಸ್ಸಿನವರು ಸಂತೋಷವಾಗಿರಲಾರರು. ಆಮೇಲೆ ಅಳು ಶುರುವಾಗುತ್ತದೆ. ಒಂದೊಂದು ಆಟಕ್ಕೂ ಹತ್ತು ಹದಿನೈದು ನಿಮಿಷ ಸಾಕು.

ವಿಮಾನಗಳನ್ನು ಮಡಿಸುವಾಗ ಚಿನ್ನಿಗೆ ಒಂದು ಸಮಸ್ಯೆ ಎದುರಾಯಿತು. ಎಸೆದ ವಿಮಾನ ಮೂಗೆತ್ತಿ ಮೇಲೇರಿ, ನಡುವೆಯೇ ನಿಂತು, ಬಾಲ ಮುಂದಾಗಿ ಬೀಳುತ್ತಿತ್ತು. ಮೂಗಿನ ತುದಿಗೆ ಕಡಲೆಕಾಳಿನಷ್ಟು ಮೈದಾ ಅಂಟನ್ನು ಮೆತ್ತಿ ಒಣಗಿಸಿದೆವು. ಅದೇ ವಿಮಾನ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನೇರವಾಗಿ ತೇಲಿತು. ಗುರುತ್ವ ಕೇಂದ್ರವು ರೆಕ್ಕೆಯ ಏರುಬಲದ ಕೇಂದ್ರಕ್ಕಿಂತ ಮುಂದಿರಬೇಕೆಂಬ ನಿಯಮ ಕಾಗದಕ್ಕೂ ಜೆಟ್ಟಿಗೂ ಒಂದೇ. ಇಲ್ಲಿ ಇನ್ನೊಂದು ಮಾತು. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಅಲ್ಲಿ ಗಾಳಿಗೆ ದಾರಿ ಹೆಚ್ಚು, ಕೆಳಗಿನ ಗಾಳಿಯನ್ನು ಕೂಡಿಕೊಳ್ಳಲು ಅದು ವೇಗವಾಗಿ ಓಡುತ್ತದೆ, ಅದರಿಂದ ರೆಕ್ಕೆ ಮೇಲೇಳುತ್ತದೆ ಎಂಬ ವಿವರಣೆಯನ್ನು ಅನೇಕರು ಶಾಲೆಯಲ್ಲಿ ಕೇಳಿರಬಹುದು. ಅದು ತಪ್ಪು. ಬೇರೆಯಾದ ಗಾಳಿಯ ಎರಡು ಪದರಗಳು ರೆಕ್ಕೆಯ ಹಿಂದೆ ಮತ್ತೆ ಅದೇ ಕ್ಷಣಕ್ಕೆ ಸೇರಬೇಕೆಂಬ ಕಟ್ಟಳೆ ಪ್ರಕೃತಿಯಲ್ಲಿಲ್ಲ. ಚಪ್ಪಟೆ ಕಾಗದಕ್ಕೆ ಉಬ್ಬೆಲ್ಲಿದೆ? ಆದರೂ ಅದು ತೇಲುತ್ತದೆ. ಮುಂದಂಚು ತುಸು ಮೇಲಾಗಿರುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕೈಗೆ ಸಿಗುವಂತಿದೆ.

ಮಾರ್ಚ್ 18ರಂದು ಆಯಿ ಮಾಂಜ್ರಾ ನದಿಯನ್ನು ದಾಟಿ ಬಸ್ಸಿನಲ್ಲಿ ಬಂದಿಳಿದರು. ಅವರ ಚೀಲದಲ್ಲಿ ಸೇಂಗಾ ಹೋಳಿಗೆಯ ಜೊತೆಗೆ ಮೂರು ಪೊಟ್ಟಣಗಳಿದ್ದವು. ಒಂದರಲ್ಲಿ ಹೊಲದ ಬದುವಿನ ಎಕ್ಕೆಯ ಒಣಗಿ ಬಿರಿದ ಕಾಯಿಗಳು, ಇನ್ನೊಂದರಲ್ಲಿ ತಪಸಿ ಮರದ ದುಂಡನೆಯ ರೆಕ್ಕೆಯ ಬೀಜಗಳು, ಮೂರನೆಯದರಲ್ಲಿ ಒಣಗಿದ ನುಗ್ಗೆಕಾಯಿ. ನುಗ್ಗೆಯ ಬೀಜಕ್ಕೆ ಕಾಗದದಷ್ಟು ತೆಳುವಾದ ಮೂರು ರೆಕ್ಕೆಗಳಿವೆಯೆಂಬುದನ್ನು ದಿನವೂ ಹುಳಿಯಲ್ಲಿ ಅದರ ಕಾಯನ್ನು ಜಗಿಯುವ ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ? ಒಂದು ಬೀಜದ ರೆಕ್ಕೆಗಳನ್ನು ಮುರಿದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಒಟ್ಟಿಗೆ ಕೆಳಗೆ ಹಾಕಿ ನೋಡಿರಿ.

ಎಕ್ಕೆಯದು ಇನ್ನೂ ಸೊಗಸು. ಚಪ್ಪಟೆ ಬೀಜದ ತುದಿಗೆ ರೇಷ್ಮೆಯ ಕುಚ್ಚು. ಬಿಟ್ಟರೆ ಇಳಿಯುವುದೋ ಏರುವುದೋ ಹೇಳಲಾಗದು. ಕೂದಲುಗಳ ನಡುವೆ ಎಷ್ಟೊಂದು ಜಾಗ ಖಾಲಿಯಿದ್ದರೂ ಅದು ಕೊಡೆಯಂತೆ ಗಾಳಿಯನ್ನು ತಡೆಯುತ್ತದೆ. ಇದೇ ಬಗೆಯ ಕುಚ್ಚುಳ್ಳ ಡ್ಯಾಂಡಿಲಿಯನ್ ಎಂಬ ಪಾಶ್ಚಾತ್ಯ ಗಿಡದ ಬೀಜವನ್ನು ಎಡಿನ್‌ಬರೋದ ಸಂಶೋಧಕರು ಗಾಳಿಯ ಕೊಳವೆಯಲ್ಲಿ ತೇಲಿಸಿ ಪರೀಕ್ಷಿಸಿ, 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ವಿಸ್ಮಯವನ್ನು ಪ್ರಕಟಿಸಿದರು. ಕುಚ್ಚಿನ ಮೇಲುಗಡೆ, ಅದಕ್ಕೆ ತಾಗದೆಯೇ, ಗಾಳಿಯ ಸುಳಿಯೊಂದು ಬಳೆಯಂತೆ ನಿಂತು ಬೀಜದೊಡನೆ ಇಳಿಯುತ್ತದೆ. ಕೂದಲುಗಳ ನಡುವಿನ ತೆರಪೇ ಆ ಸುಳಿಯನ್ನು ಅಲ್ಲಾಡದಂತೆ ನಿಲ್ಲಿಸುತ್ತದೆ. ಎಕ್ಕೆಯನ್ನು ಬಳಸುವವರು ಒಂದು ಎಚ್ಚರ ವಹಿಸಬೇಕು. ಅದರ ಹಸಿ ಎಲೆ ಕಾಯಿಗಳ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಪೂರ್ತಿ ಒಣಗಿದ ಕಾಯಿಯನ್ನು ದೊಡ್ಡವರೇ ಬಿಡಿಸಿ ಬೀಜವನ್ನಷ್ಟೇ ಮಕ್ಕಳಿಗೆ ಕೊಡತಕ್ಕದ್ದು.

ಕರವಸ್ತ್ರದ ನಾಲ್ಕು ಮೂಲೆಗೆ ದಾರ ಕಟ್ಟಿ, ಕೆಳಗೊಂದು ಮರದ ಗೊಂಬೆ ತೂಗಿಸಿ ಪ್ಯಾರಾಷೂಟುಗಳನ್ನೂ ಮಾಡಿದೆವು. ಸುಮಾರು ನಾಲ್ಕು ಮೀಟರು ಎತ್ತರದ ಮಾಳಿಗೆಯಿಂದ ಬಿಟ್ಟ ಕಲ್ಲು ಒಂದು ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಗೊಂಬೆ ಎರಡು ಸೆಕೆಂಡಿಗೂ ಹೆಚ್ಚು ತೆಗೆದುಕೊಂಡಿತು. ಆದರೆ ಗಡಿಯಾರದ ಲೋಲಕದಂತೆ ತೂಗಾಡುತ್ತಿತ್ತು. 1797ರ ಅಕ್ಟೋಬರ್ 22ರಂದು ಪ್ಯಾರಿಸಿನಲ್ಲಿ ಬಲೂನಿನಿಂದ ಮೊದಲ ಬಾರಿಗೆ ಪ್ಯಾರಾಷೂಟಿನಲ್ಲಿ ಇಳಿದ ಗಾರ್ನೆರಿನ್ ಎಂಬಾತನೂ ಹೀಗೆಯೇ ತೂಗಾಡಿ ತಲೆಸುತ್ತಿ ಬಂದಿಳಿದನಂತೆ. ಬಟ್ಟೆಯ ನಡುವೆ ನಾಲ್ಕಾಣೆಯಗಲದ ರಂಧ್ರ ಮಾಡಿದೊಡನೆ ಅಂಚಿನಿಂದ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ನುಗ್ಗುತ್ತಿದ್ದ ಗಾಳಿಗೆ ನೇರ ದಾರಿ ಸಿಕ್ಕಿ ಗೊಂಬೆ ನೆಟ್ಟಗೆ ಇಳಿಯತೊಡಗಿತು. ಹಾಳಾದುದು ನಮ್ಮದೇ ಕರವಸ್ತ್ರ.

ಇನ್ನು ಕೇಕು. ಇದರಲ್ಲಿ ನಾವು ಮೊದಲ ಬಾರಿ ಸೋತೆವೆಂದು ಒಪ್ಪಿಕೊಳ್ಳಲೇಬೇಕು. ಔರಾದದ ಜೋಳದ ಹಿಟ್ಟು, ಮೈದಾ, ಬೆಲ್ಲ, ಎಣ್ಣೆ, ಒಂದು ಸಣ್ಣ ಬಟ್ಟಲು ಮೊಸರು, ಚೆನ್ನಾಗಿ ಉಬ್ಬಲೆಂದು ಒಂದು ಪೂರ್ತಿ ಚಮಚ ಅಡಿಗೆ ಸೋಡ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮೇಲೆ ಕೇಕಿನ ತಟ್ಟೆಯನ್ನಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆವು. ಉಬ್ಬಿತು, ಬಿರಿಯಿತು, ಪುಡಿಪುಡಿಯಾಯಿತು. ಬಾಯಿಗಿಟ್ಟರೆ ಸಾಬೂನಿನ ರುಚಿ.

ಲೆಕ್ಕ ಹೀಗಿದೆ. ಒಂದು ಚಮಚ, ಎಂದರೆ 5 ಗ್ರಾಂ, ಸೋಡ ಆಮ್ಲದೊಡನೆ ಪೂರ್ತಿಯಾಗಿ ಕೂಡಿದರೆ ಬೀದರದ ಎತ್ತರದಲ್ಲಿ ಒಂದೂವರೆ ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಉಬ್ಬಿಸಲು ಇದು ಬೇಕಾದುದಕ್ಕಿಂತಲೂ ಹೆಚ್ಚು. ಆದರೆ ಅಷ್ಟು ಸೋಡಕ್ಕೆ 5.4 ಗ್ರಾಂ ಲ್ಯಾಕ್ಟಿಕ್ ಆಮ್ಲ ಬೇಕು. ಹುಳಿ ಮೊಸರಿನಲ್ಲಿ ಅದು ನೂರಕ್ಕೆ ಒಂದರಷ್ಟು; ಎಂದರೆ ಅರ್ಧ ಕಿಲೋಗ್ರಾಮಿಗೂ ಹೆಚ್ಚು ಮೊಸರು ಸುರಿಯಬೇಕಿತ್ತು! ಜೊತೆ ಸಿಕ್ಕದ ಸೋಡ ಬಿಸಿಗೆ ಒಡೆದು ತೊಳೆಯುವ ಸೋಡವಾಗಿ ಕೇಕಿನಲ್ಲಿಯೇ ಉಳಿಯಿತು. ಇದನ್ನು ಆಯಿಗೆ ತೋರಿಸಲೆಂದು ಕೇಕಿನ ಚೂರಿನ ಮೇಲೆ ಅರಿಶಿನದ ನೀರನ್ನು ತೊಟ್ಟಿಕ್ಕಿದೆವು. ಹಳದಿ ಬಣ್ಣ ಕೂಡಲೆ ಕೆಂಪಾಯಿತು. ಅರಿಶಿನ ಕ್ಷಾರವನ್ನು ಕಂಡರೆ ಕೆಂಪಾಗುವ ಸೂಚಕ ದ್ರವ್ಯ. "ಅಯ್ಯ, ಇದು ಆರತಿ ನೀರೇ ಆತಲ್ಲ!" ಎಂದು ಅವರು ನಕ್ಕರು. ನಿಜ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ತಟ್ಟೆಗೆ ಕೆಂಪು ನೀರನ್ನು ಮಾಡುವವರು ಈ ರಸಾಯನ ಕ್ರಿಯೆಯನ್ನು ತಲೆತಲಾಂತರದಿಂದ ಬಲ್ಲರು. ಪುಡಿಯಾಗಲು ಕಾರಣ ಬೇರೆ: ಜೋಳದಲ್ಲಿ ಗೋದಿಯ ಗ್ಲೂಟೆನ್ ಎಂಬ ಎಳೆಯಂತಹ ಸಸಾರಜನಕವಿಲ್ಲ, ಅನಿಲದ ಗುಳ್ಳೆಗಳನ್ನು ಹಿಡಿದಿಡಲು ಚೀಲವೇ ಇಲ್ಲದಂತೆ. ಎರಡನೆಯ ಸಲ ಜೋಳ ಒಂದು ಪಾಲು, ಮೈದಾ ಎರಡು ಪಾಲು, ಸೋಡ ಅರ್ಧ ಚಮಚ, ಮೊಸರು ಕಾಲು ಕಿಲೋಗ್ರಾಂ. ಕೇಕು ಸುಮಾರಾಗಿ ಬಂದಿತು. ಹೋಳಿಗೆಯಷ್ಟು ರುಚಿಯಾಗಿರಲಿಲ್ಲವೆಂಬುದು ಸರ್ವಾನುಮತದ ತೀರ್ಪು.

ಕೇಕಿನ ಮೇಲೆ ಬತ್ತಿ ಹಚ್ಚಿ ಊದುವ ಪ್ರಶ್ನೆ ಬಂದಾಗ ಮಗುವೂ ಅಜ್ಜಿಯೂ ಒಂದೇ ಪಕ್ಷಕ್ಕೆ ಸೇರಿದರು. ಒಬ್ಬಳಿಗೆ ಬೆಂಕಿಯೇ ಬೇಡ, ಇನ್ನೊಬ್ಬರದು, "ಹುಟ್ಟಿದ ದಿನ ದೀಪ ಹಚ್ಚಬೇಕು, ಊದಿ ಆರಸ್ತಾರೇನು?" ಎಂಬ ವಾದ. ಇವರ ಬೆಂಬಲಕ್ಕೆ ನಾವು ವಿಜ್ಞಾನವನ್ನೂ ಕರೆತಂದೆವು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬತ್ತಿಗಳನ್ನು ಊದಿ ಆರಿಸಿದ ಮೇಲೆ ಕೇಕಿನ ಸಕ್ಕರೆ ಲೇಪದ ಮೇಲಿನ ಬ್ಯಾಕ್ಟೀರಿಯಗಳು ಸರಾಸರಿ ನೂರಕ್ಕೆ 1400ರಷ್ಟು ಹೆಚ್ಚಿದುದು ಕಂಡುಬಂದಿತು. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳೇ. ಆದರೂ ಊದುವ ಮಗುವಿಗೆ ನೆಗಡಿಯಿದ್ದರೆ ಒಂಬತ್ತು ಅತಿಥಿಗಳಿಗೂ ಅದರ ಪಾಲು ಸಿಗಬಹುದಲ್ಲವೆ? ಹಾಗಾಗಿ ಊದಲು ನಾವು ಆರು ಕಾಗದದ ಗಿರಗಿಟ್ಲೆಗಳನ್ನು ಮಾಡಿ, ಜೋಳ ತುಂಬಿದ ಡಬ್ಬಿಯಲ್ಲಿ ಸಾಲಾಗಿ ನೆಟ್ಟು, ಕೇಕಿನಿಂದ ದೂರವಿಟ್ಟೆವು.

ಇಪ್ಪತ್ತರ ಸಂಜೆ ಎಲ್ಲವೂ ನಾವು ಬರೆದುಕೊಂಡಂತೆ ನಡೆಯಿತೆಂದರೆ ಸುಳ್ಳಾದೀತು. ಸೇರಿದ ಮಕ್ಕಳ ಮನೆಮಾತು ಕನ್ನಡ, ಉರ್ದು, ಮರಾಠಿ, ತೆಲುಗು ಹೀಗೆ ನಾಲ್ಕು ಬಗೆ. ಗಿರಗಿಟ್ಲೆಯನ್ನು ಒಬ್ಬ ಫಿರ್ಕಿ ಎಂದ, ಇನ್ನೊಬ್ಬಳು ಭಿರಭಿರೆ ಎಂದಳು, ಜಗಳವೇ ಆಯಿತು. ವಿಮಾನದ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ದೂರ ಹೋದುದು ಎರಡು ವರ್ಷದ ಕೂಸು ಮುದ್ದೆ ಮಾಡಿ ಎಸೆದ ಕಾಗದದ ಉಂಡೆ. ಎಕ್ಕೆಯ ಬೀಜಗಳು ಮಾತ್ರ ಅಂಗಳದ ಬಿಸಿಗಾಳಿಗೆ ಗೋಡೆ ದಾಟಿ ಹೋದಾಗ ಹತ್ತು ಮಕ್ಕಳೂ ಬಾಯಿ ತೆರೆದು ನಿಂತರು. ನಡುವೆ ನಿಜವಾದ ವಿಮಾನವೊಂದು ಸದ್ದು ಮಾಡುತ್ತ ಹಾದುಹೋಯಿತು; ಅದನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಕತ್ತಲಾಗುವ ಮೊದಲು ಆರತಿ. ಅಂದು ವಿಷುವದ್ದಿನ; ಆರೂವರೆಯ ಹೊತ್ತಿಗೆ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುತ್ತಿದ್ದನು. ಅತಿಥಿಗಳು ಹೊರಟುಹೋಗಿದ್ದರು. ದೀಪವನ್ನು ಒಳಮನೆಯಲ್ಲಿ, ಮಗು ಬಾಗಿಲಾಚೆಯೇ ನಿಲ್ಲಬಹುದು, ಹತ್ತಿರ ಬಾ ಎಂದು ಯಾರೂ ಕರೆಯಬಾರದು ಎಂಬ ಒಪ್ಪಂದವಾಗಿತ್ತು. ಆಯಿ ಮಣೆಯ ಮೇಲೆ ಐದು ದೀಪ ಹಚ್ಚಿದರು. ನಾವು ಗಾಳಿಪಟದ ಕಾಗದವನ್ನು ಹಾವಿನ ಸುರುಳಿಯಂತೆ ಕತ್ತರಿಸಿ, ದಾರ ಕಟ್ಟಿ, ಉರಿಯಿಂದ ಒಂದು ಮೊಳಕ್ಕೂ ಮೇಲೆ ಹಿಡಿದೆವು. ಕಾಗದದ ಹಾವು ನಿಧಾನವಾಗಿ ತಿರುಗತೊಡಗಿತು. ಉರಿಯಿಂದ ಕಾದ ಗಾಳಿ ಹಿಗ್ಗಿ ಹಗುರವಾಗಿ ಮೇಲೇರುತ್ತದೆ, ಸುರುಳಿಯ ಓರೆ ಮೈಯನ್ನು ತಳ್ಳುತ್ತದೆ. 1783ರ ಸೆಪ್ಟೆಂಬರಿನಲ್ಲಿ ಮೊಂಗೊಲ್ಫಿಯೆ ಸೋದರರು ವರ್ಸೇಲ್ಸಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಆಕಾಶಕ್ಕೇರಿಸಿದುದೂ ಇದೇ ಬಿಸಿಗಾಳಿಯಿಂದ.

ಬಾಗಿಲಾಚೆಯಿಂದ ದನಿ ಬಂದಿತು. "ಯಾರು ಊದಲಿಕತ್ತಾರ?"

"ಯಾರೂ ಊದವಲ್ಲರು. ದೀಪನೇ ತಿರುಗಸ್ತದ" ಎಂದೆವು.

ಅವಳು ಹೊಸ್ತಿಲು ದಾಟಿದಳು. ಆಯಿಯ ಸೆರಗು ಹಿಡಿದು ಎರಡು ಹೆಜ್ಜೆ ಬಂದು ನಿಂತಳು. ಹಾವನ್ನು ನೋಡಿದಳು, ದೀಪವನ್ನು ನೋಡಿದಳು. ಆರನೆಯ ದೀಪವನ್ನು ಆಯಿ ಹಚ್ಚುವಾಗ ಅವಳ ಕೈ ಆಯಿಯ ಮೊಣಕೈಯ ಮೇಲಿತ್ತು. ಅದಕ್ಕಿಂತ ಮುಂದೆ ಬರಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಮರುದಿನ ಗುಡಿಸುವಾಗ ಉಳಿದ ನುಗ್ಗೆಯ ಬೀಜಗಳು ನಾಲ್ಕು ಸಿಕ್ಕಿದವು. ಹಳೆಯ ಎಣ್ಣೆ ಡಬ್ಬಿಯೊಂದಕ್ಕೆ ಮಾಳಿಗೆಯ ಕೆಳಗಿನ ಕೆಮ್ಮಣ್ಣು ತುಂಬಿ ಚಿನ್ನಿ ಅವನ್ನು ಊರಿದಳು. ಡಬ್ಬಿಯ ಮೇಲೆ "ಆಯಿ, ಜೂನ್ 1" ಎಂದು ಬರೆಯಲು ನಮ್ಮಿಂದ ಹೇಳಿಸಿಕೊಂಡಳು. ಹನ್ನೊಂದನೆಯ ದಿನ ಎರಡು ಬೀಜಗಳು ಮೊಳೆತವು.